ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ: ಮಂದವಾದ ಕಿವಿಯೊಂದಿಗೆ ಬದುಕುವವರಿಗೆ, ಕಿವಿ ಕಾಪಾಡಿಕೊಳ್ಳಬೇಕಾದವರಿಗೆ ಒಂದು ಮಾರ್ಗದರ್ಶಿ

ಕಿವಿ ಮಂದವಾಗತೊಡಗಿದವರು ಸಾಮಾನ್ಯವಾಗಿ ಮೊದಲು ದೂರುವುದು ಎದುರಿನವರನ್ನು. ಮೊಮ್ಮಕ್ಕಳು ಗೊಣಗುತ್ತಾರೆ, ಸೊಸೆ ಬಾಯೊಳಗೇ ಮಾತಾಡುತ್ತಾಳೆ, ಧಾರಾವಾಹಿಯವರು ಸಂಗೀತ ಜೋರು ಮಾಡಿ ಮಾತನ್ನೇ ಮುಳುಗಿಸುತ್ತಾರೆ. ಈ ದೂರನ್ನು ಹಟವೆಂದೋ ನೆಪವೆಂದೋ ತಳ್ಳಿಹಾಕಬಾರದು, ಏಕೆಂದರೆ ಅವರಿಗೆ ಹಾಗೆಯೇ ಕೇಳಿಸುತ್ತಿರುತ್ತದೆ. ವಯಸ್ಸಿನಿಂದ ಅಥವಾ ಸದ್ದಿನಿಂದ ಬರುವ ಶ್ರವಣದೋಷದಲ್ಲಿ ಕಿವಿಗೆ ಬೀಳುವ ಎಲ್ಲ ಸದ್ದೂ ಒಂದೇ ಸಮನೆ ಕ್ಷೀಣಿಸುವುದಿಲ್ಲ. ಮಾತಿನ ಒಂದು ಭಾಗ ಮೊದಲು ಜಾರಿಹೋಗುತ್ತದೆ.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಕಾಕ್ಲಿಯಾ ಎಂಬ ಭಾಗವಿದೆ. ಅದರೊಳಗೆ ಒಂದೊಂದು ಕಿವಿಗೆ ಸುಮಾರು 15,000 ರೋಮಕೋಶಗಳಿದ್ದು, ಸದ್ದಿನ ಕಂಪನವನ್ನು ನರಸಂಕೇತವಾಗಿ ಬದಲಿಸುವುದು ಇವುಗಳ ಕೆಲಸ. ಸುರುಳಿಯ ಬುಡದ ಕೋಶಗಳು ಕೀಚಲು ಸದ್ದನ್ನೂ ತುದಿಯ ಕೋಶಗಳು ತಗ್ಗಿನ ಸದ್ದನ್ನೂ ಗ್ರಹಿಸುತ್ತವೆ. ವಯಸ್ಸಾದಂತೆ, ಅಥವಾ ದೊಡ್ಡ ಸದ್ದಿನ ಪೆಟ್ಟಿಗೆ, ಮೊದಲು ಸಾಯುವುದು ಬುಡದ ಕಡೆಯ ಕೋಶಗಳು. ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಮಾತಿನಲ್ಲಿ ಅ, ಆ, ಓ ಮುಂತಾದ ಸ್ವರಗಳ ಬಲವೆಲ್ಲ ತಗ್ಗಿನ ಕಂಪನಗಳಲ್ಲಿದ್ದರೆ, ಸ, ಶ, ಕ, ತ, ಪ ಮೊದಲಾದ ವ್ಯಂಜನಗಳನ್ನು ಬೇರೆ ಬೇರೆಯಾಗಿ ಗುರುತಿಸಿಕೊಡುವ ಅಂಶ ಇರುವುದು ಎತ್ತರದ ಕಂಪನಗಳಲ್ಲಿ. ಆ ಭಾಗ ಕಿವಿಗೆ ಸಿಗದಿದ್ದರೆ ಯಾರೋ ಮಾತಾಡಿದರೆಂಬುದು ತಿಳಿಯುತ್ತದೆ. ಅವರು ಹೇಳಿದ್ದು ಸರವೋ ಕರವೋ, ಹತ್ತೋ ಕತ್ತೋ ಎಂಬುದು ತಿಳಿಯುವುದಿಲ್ಲ. ಎದುರಿನವರು ಕಿರುಚಿದರೆ ಸ್ವರಗಳು ಇನ್ನಷ್ಟು ಜೋರಾಗುತ್ತವೆಯೇ ಹೊರತು ಕಾಣೆಯಾದ ವ್ಯಂಜನ ಮರಳಿ ಬರುವುದಿಲ್ಲ. ಮುಂದೆ ಹೇಳುವ ಪರೀಕ್ಷೆ, ಸಾಧನ, ಮಾತಾಡುವ ರೀತಿ ಎಲ್ಲವೂ ಇದೊಂದು ಸಂಗತಿಯನ್ನು ಅವಲಂಬಿಸಿವೆ.

ಮೊದಲ ಹೆಜ್ಜೆ: ಲಕ್ಷಣ ಗಮನಿಸುವುದು

ಶ್ರವಣದೋಷ ವರ್ಷಗಟ್ಟಲೆ ನಿಧಾನವಾಗಿ ಬರುವುದರಿಂದ ಅನುಭವಿಸುವವರಿಗಿಂತ ಮನೆಯವರಿಗೇ ಮೊದಲು ಗೊತ್ತಾಗುತ್ತದೆ. ಇಬ್ಬರೇ ಕುಳಿತಾಗ ಸಲೀಸಾಗಿ ಮಾತಾಡುವವರು ಮದುವೆ ಮನೆಯಲ್ಲಿ, ದರ್ಶಿನಿಯ ಗದ್ದಲದಲ್ಲಿ ಸುಮ್ಮನಾಗಿಬಿಡುವುದು, ಹೆಂಗಸರ ಮತ್ತು ಮಕ್ಕಳ ಮಾತು ಗಂಡಸರ ಮಾತಿಗಿಂತ ಕಷ್ಟವೆನಿಸುವುದು, ಫೋನನ್ನು ಯಾವಾಗಲೂ ಒಂದೇ ಕಿವಿಗೆ ಹಿಡಿಯುವುದು, ಪಕ್ಕದ ಕೋಣೆಯಿಂದ ಕರೆದರೆ ಕರೆ ಬಂದ ದಿಕ್ಕು ತಿಳಿಯದಿರುವುದು, ಕೇಳಿದ ಪ್ರಶ್ನೆಗೆ ಹೊಂದದ ಉತ್ತರ ಕೊಡುವುದು, ಕುಕ್ಕರಿನ ಸೀಟಿ ಕೇಳಿಸಿದರೂ ಮೊಬೈಲಿನ ಸಣ್ಣ ಬೀಪ್ ಕೇಳಿಸದಿರುವುದು ಇದರ ಮೊದಲ ಲಕ್ಷಣಗಳು. ಕಿವಿಯಲ್ಲಿ ಸದಾ ಗುಂಯ್ ಎನ್ನುವ ಸದ್ದು ಹಲವರಿಗೆ ಇವುಗಳಿಗೂ ಮೊದಲೇ ಶುರುವಾಗುತ್ತದೆ.

ಈ ಹಂತದಲ್ಲಿ "ವಯಸ್ಸಾಯಿತಲ್ಲ, ಇದೆಲ್ಲ ಇದ್ದದ್ದೇ" ಎಂದು ಕೂರುವುದೇ ರೂಢಿ. ಕಣ್ಣು ಮಂಜಾದರೆ ಕೂಡಲೇ ಕನ್ನಡಕಕ್ಕೆ ಓಡುವ ಮನೆಗಳಲ್ಲಿಯೂ ಕಿವಿಯ ವಿಷಯದಲ್ಲಿ ಏಕೋ ಇಷ್ಟು ತಾಳ್ಮೆ. ಆದರೆ ಮಾತು ಸರಿಯಾಗಿ ತಲುಪದ ವರ್ಷಗಳು ಹೆಚ್ಚಿದಷ್ಟೂ ಮಿದುಳಿಗೆ ಆ ಸದ್ದುಗಳನ್ನು ಬಿಡಿಸಿಕೊಳ್ಳುವ ಅಭ್ಯಾಸ ತಪ್ಪುತ್ತದೆ, ಮುಂದೆ ಶ್ರವಣ ಸಾಧನ ಹಾಕಿದಾಗ ಹೊಂದಿಕೊಳ್ಳುವುದೂ ಅಷ್ಟೇ ಕಷ್ಟವಾಗುತ್ತದೆ. ಮರೆವಿನ ಕಾಯಿಲೆಯ ಬಗ್ಗೆ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗವು 2017ರಿಂದ ಪ್ರಕಟಿಸುತ್ತಿರುವ ವರದಿಗಳಲ್ಲಿ, ನಾವು ಬದಲಿಸಬಹುದಾದ ಅಪಾಯಕಾರಿ ಅಂಶಗಳ ಸಾಲಿನಲ್ಲಿ ಶ್ರವಣದೋಷವೂ ಇದೆ. ಕಿವಿ ಮಂದವಾದವರಿಗೆಲ್ಲ ಮರೆವು ಬರುತ್ತದೆ ಎಂದು ಇದರ ಅರ್ಥವಲ್ಲ. ಮುಂದೂಡುವುದರಿಂದ ಆಗುವ ನಷ್ಟ ಕಿವಿಯೊಂದಕ್ಕೇ ಸೀಮಿತವಲ್ಲ ಎಂದಷ್ಟೇ.

ಒಂದು ದಿನವೂ ಕಾಯಬಾರದ ಸಂದರ್ಭ

ರಾತ್ರಿ ಸರಿಯಾಗಿದ್ದ ಕಿವಿ ಬೆಳಿಗ್ಗೆ ಏಳುವಷ್ಟರಲ್ಲಿ ಮುಚ್ಚಿಕೊಂಡಂತಾಗಿ ಕೇಳಿಸದೆ ಹೋದರೆ, ಅಥವಾ ಎರಡು ಮೂರು ದಿನಗಳೊಳಗೆ ಒಂದು ಕಿವಿಯ ಶ್ರವಣ ಥಟ್ಟನೆ ಕುಸಿದರೆ, ಅದನ್ನು ತುರ್ತು ಸ್ಥಿತಿಯೆಂದೇ ತಿಳಿಯಬೇಕು. ಶೀತವಾಗಿದೆ, ಸ್ನಾನದ ನೀರು ಹೋಗಿದೆ, ಗುಗ್ಗೆ ಕಟ್ಟಿದೆ ಎಂದುಕೊಂಡು ವಾರಗಟ್ಟಲೆ ಕಾಯುವವರೇ ಹೆಚ್ಚು. ತೊಂದರೆ ಒಳಕಿವಿಯದ್ದಾಗಿದ್ದರೆ ವೈದ್ಯರು ಕೊಡುವ ಸ್ಟೆರಾಯ್ಡ್ ಚಿಕಿತ್ಸೆಯಿಂದ ಶ್ರವಣ ಮರಳುವ ಸಾಧ್ಯತೆ ಮೊದಲ ದಿನಗಳಲ್ಲಿಯೇ ಹೆಚ್ಚಿದ್ದು, ಎರಡು ವಾರ ದಾಟಿದ ಮೇಲೆ ತೀರ ಕಡಿಮೆಯಾಗುತ್ತದೆ. ಆದ್ದರಿಂದ ಅಂದೇ ಇಎನ್‌ಟಿ ವೈದ್ಯರನ್ನು ಕಾಣಿರಿ, "ಇದ್ದಕ್ಕಿದ್ದಂತೆ ಆಯಿತು" ಎಂಬ ಮಾತನ್ನು ಮೊದಲೇ ಹೇಳಿರಿ. ತಲೆಗೆ ಪೆಟ್ಟು ಬಿದ್ದ ಮೇಲೆ ಕೇಳಿಸದಿರುವುದು, ಕಿವಿಯಿಂದ ರಕ್ತ ಬರುವುದು, ಕಿವಿ ಮಂದವಾಗುವುದರ ಜೊತೆಗೆ ತಲೆ ಗಿರ್ರೆಂದು ತಿರುಗುವುದು ಅಥವಾ ಮುಖ ಒಂದು ಪಕ್ಕಕ್ಕೆ ವಾಲುವುದು ಕಂಡರೂ ತಡಮಾಡಬಾರದು.

ಎರಡನೆಯ ಹೆಜ್ಜೆ: ಕಡ್ಡಿ, ಪಿನ್ನು, ಎಣ್ಣೆಯನ್ನು ದೂರವಿಡುವುದು

ಗುಗ್ಗೆ ಕೊಳೆಯಲ್ಲ. ಕಿವಿಯ ನಾಳದ ಚರ್ಮವನ್ನು ಒಣಗದಂತೆ, ಸೋಂಕು ತಗಲದಂತೆ ಕಾಯುವ ಮೇಣ ಅದು. ಬಹುಪಾಲು ಜನರಲ್ಲಿ ತಾನಾಗಿಯೇ ಹೊರಗೆ ಸರಿದು ಉದುರುತ್ತದೆ. ಹತ್ತಿ ಸುತ್ತಿದ ಕಡ್ಡಿ ಅದನ್ನು ಹೊರಗೆ ತೆಗೆಯುವುದಕ್ಕಿಂತ ಒಳಕ್ಕೆ ತಳ್ಳಿ ಕಿವಿತಮಟೆಯ ಬಳಿ ಗಟ್ಟಿಯಾಗಿ ಕೂರಿಸುವುದೇ ಹೆಚ್ಚು. ಕೇಶದ ಪಿನ್ನು, ಬೆಂಕಿಕಡ್ಡಿ, ಸ್ಕೂಟರಿನ ಕೀ ಇವುಗಳಿಂದ ತಮಟೆ ತೂತಾದ ಪ್ರಕರಣಗಳನ್ನು ಯಾವ ಇಎನ್‌ಟಿ ವೈದ್ಯರನ್ನು ಕೇಳಿದರೂ ಹೇಳುತ್ತಾರೆ. ಬಸ್ ನಿಲ್ದಾಣ, ಸಂತೆಗಳಲ್ಲಿ ಕಿವಿ ತೆಗೆಯುವವರ ಮುಂದೆ ಕೂರುವುದಂತೂ ಬೇಡವೇ ಬೇಡ. ಒಬ್ಬರ ಕಿವಿಗೆ ಹಾಕಿದ ಕಡ್ಡಿಯೇ ಇನ್ನೊಬ್ಬರ ಕಿವಿಗೂ ಹೋಗುತ್ತದೆ.

ಕಿವಿನೋವಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವುದು ನಮ್ಮ ಅನೇಕ ಮನೆಗಳಲ್ಲಿ ತಲೆಮಾರಿನಿಂದ ಬಂದ ಪದ್ಧತಿ. ತಮಟೆ ತೂತಾಗಿರುವುದು ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಹಾಗೆ ತೂತಾಗಿದ್ದರೆ ಎಣ್ಣೆ ನೇರವಾಗಿ ನಡುಗಿವಿಗೆ ಇಳಿದು ಸೋಂಕನ್ನು ಹೆಚ್ಚಿಸುತ್ತದೆ, ಬಿಸಿಯಿದ್ದರೆ ಸುಡುತ್ತದೆ. ಮಳೆಗಾಲದಲ್ಲಿ ಒದ್ದೆ ಕಿವಿಗೆ ಎಣ್ಣೆಯೂ ಸೇರಿದರೆ ಬೂಸ್ಟು ಬೆಳೆಯುವುದೂ ಉಂಟು. ಗುಗ್ಗೆ ಕಟ್ಟಿಕೊಂಡು ಕಿವಿ ಮಂದವಾಗಿದ್ದರೆ, ವೈದ್ಯರು ತಮಟೆ ನೋಡಿ, ಅದನ್ನು ಮೆತ್ತಗಾಗಿಸುವ ಹನಿ ಬರೆದುಕೊಟ್ಟು ಕೆಲವು ದಿನಗಳ ನಂತರ ತೆಗೆಯುತ್ತಾರೆ. ಕಿವಿ ಮಂದವಾಗುವ ಕಾರಣಗಳಲ್ಲಿ ಇಷ್ಟು ಸುಲಭವಾಗಿ ಬಗೆಹರಿಯುವುದು ಬೇರೊಂದಿಲ್ಲ. ಮಕ್ಕಳ ಕಿವಿ ಸೋರುತ್ತಿದ್ದರೆ "ದೊಡ್ಡವನಾದ ಮೇಲೆ ತಾನೇ ನಿಲ್ಲುತ್ತದೆ" ಎಂದು ಬಿಡಬಾರದು. ಸೋರುವ ಕಿವಿಯನ್ನು ಒಣಗಿಸಿ, ಬೇಕಾದರೆ ಶಸ್ತ್ರಚಿಕಿತ್ಸೆಯಿಂದ ತಮಟೆಯನ್ನು ಮುಚ್ಚಿದರೆ ಶ್ರವಣವನ್ನು ಉಳಿಸಿಕೊಳ್ಳಬಹುದು.

ಮೂರನೆಯ ಹೆಜ್ಜೆ: ಪರೀಕ್ಷೆ ಮಾಡಿಸಿ, ಕಾಗದ ಓದಲು ಕಲಿಯುವುದು

ಮೊದಲು ಇಎನ್‌ಟಿ ವೈದ್ಯರು, ಆಮೇಲೆ ಶ್ರವಣ ಪರೀಕ್ಷಿಸುವ ತಜ್ಞರಾದ ಆಡಿಯಾಲಜಿಸ್ಟ್, ಎಲ್ಲಕ್ಕಿಂತ ಕೊನೆಗೆ ಶ್ರವಣ ಸಾಧನದ ಅಂಗಡಿ. ಈ ಕ್ರಮವನ್ನು ತಲೆಕೆಳಗು ಮಾಡಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದದ್ದು. ಬೆಂಗಳೂರಿನ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆ, ಧಾರವಾಡದ ಜೆಎಸ್ಎಸ್ ವಾಕ್ ಶ್ರವಣ ಸಂಸ್ಥೆಗಳಲ್ಲಿಯೂ ಪರೀಕ್ಷೆಗಳು ನಡೆಯುತ್ತವೆ. ಇವು ದೂರವಾದರೆ ಜಿಲ್ಲಾಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ವಿಚಾರಿಸಿರಿ.

ಮುಖ್ಯ ಪರೀಕ್ಷೆಯಲ್ಲಿ ನೋವಿಲ್ಲ, ಸೂಜಿಯಿಲ್ಲ. ಸದ್ದು ಒಳಬಾರದ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಡುತ್ತಾರೆ. ಬೀಪ್ ಸದ್ದು ಎಷ್ಟೇ ಸಣ್ಣಗೆ ಕೇಳಿಸಿದರೂ ಗುಂಡಿ ಒತ್ತಬೇಕು. ಇಲ್ಲಿ ಹಲವರು ಖಚಿತವಾಗಿ ಕೇಳಿಸುವವರೆಗೂ ಕಾಯುತ್ತಾರೆ, ಇನ್ನು ಕೆಲವರು "ಫೇಲ್" ಆಗುತ್ತೇವೆಂಬ ಭಯಕ್ಕೆ ಕೇಳಿಸದಿದ್ದರೂ ಒತ್ತುತ್ತಾರೆ; ಎರಡರಿಂದಲೂ ಫಲಿತಾಂಶ ಕೆಡುತ್ತದೆ. ನಂತರ ಕಿವಿಯ ಹಿಂದಿನ ಮೂಳೆಗೆ ಒಂದು ಕಂಪಕವನ್ನು ಒತ್ತಿಟ್ಟು ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಮೂಳೆಯ ಮೂಲಕ ಚೆನ್ನಾಗಿ ಕೇಳಿಸಿ ಹೆಡ್‌ಫೋನಿನಲ್ಲಿ ಕೇಳಿಸದಿದ್ದರೆ ತೊಂದರೆ ಇರುವುದು ಹೊರಗಿವಿಯಲ್ಲಿ ಅಥವಾ ನಡುಗಿವಿಯಲ್ಲಿ, ಅಂದರೆ ಔಷಧಿ ಅಥವಾ ಶಸ್ತ್ರಚಿಕಿತ್ಸೆಯಿಂದ ಸರಿಹೋಗುವ ಸಾಧ್ಯತೆಯಿದೆ. ಎರಡರಲ್ಲಿಯೂ ಒಂದೇ ಮಟ್ಟದ ಕೊರತೆ ಕಂಡರೆ ಅದು ಒಳಕಿವಿಯ ಅಥವಾ ನರದ ದೋಷ.

ಕೊನೆಗೆ ಕೈಗೆ ಸಿಗುವ ನಕ್ಷೆಯೇ ಆಡಿಯೋಗ್ರಾಮ್. ಅದರಲ್ಲಿ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರದ ಗುರುತು. ಎಡದಿಂದ ಬಲಕ್ಕೆ ಹೋದಂತೆ ಸದ್ದು ಕೀಚಲಾಗುತ್ತದೆ, ಕೆಳಗೆ ಇಳಿದಂತೆ ಕೇಳಿಸಲು ಬೇಕಾದ ಸದ್ದಿನ ಪ್ರಮಾಣ ಡೆಸಿಬಲ್‌ಗಳಲ್ಲಿ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಂತೆ 20 ಡೆಸಿಬಲ್‌ಗಿಂತ ಕಡಿಮೆಯಿದ್ದರೆ ಸಹಜ. 20ರಿಂದ 35ರವರೆಗೆ ಅಲ್ಪ, 35ರಿಂದ 50ರವರೆಗೆ ಮಧ್ಯಮ, 65 ದಾಟಿದರೆ ತೀವ್ರ. ಗೆರೆ ಎಡಗಡೆ ಮೇಲಿದ್ದು ಬಲಗಡೆ ಜಾರುಬಂಡೆಯಾಗಿ ಇಳಿದಿದ್ದರೆ ಅದು ವಯಸ್ಸಿನ ಗುರುತು. 4,000 ಹರ್ಟ್ಸ್‌ನ ಆಸುಪಾಸು ಮಾತ್ರ ಗುಂಡಿ ಬಿದ್ದು ಮತ್ತೆ ಮೇಲೇರಿದ್ದರೆ ಸದ್ದಿನ ಪೆಟ್ಟನ್ನು ಶಂಕಿಸಬೇಕು. ಸರಾಸರಿ ಸಂಖ್ಯೆಯನ್ನಷ್ಟೇ ಕೇಳಿಕೊಂಡು ಬರಬೇಡಿ. ಮಾತು ತಿಳಿಯದಿರುವುದರ ಕಾರಣ ಗೆರೆಯ ಆಕಾರದಲ್ಲಿದೆ. ಮಾತನ್ನು ಗುರುತಿಸುವ ಪರೀಕ್ಷೆಯನ್ನೂ ಮಾಡಿರೆಂದು ಕೇಳಿರಿ, ಅದರ ಪದಪಟ್ಟಿ ನಿಮ್ಮ ಮಾತೃಭಾಷೆಯದ್ದಾಗಿರಲಿ.

ಶಿಶುಗಳ ವಿಷಯ ಬೇರೆ. ಹುಟ್ಟಿದ ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಸಾಧನ ಮತ್ತು ತರಬೇತಿ ಎಂಬುದು ಎಲ್ಲೆಡೆ ಒಪ್ಪಿರುವ ಗುರಿ. ಮಗು ಮಲಗಿರುವಾಗಲೇ ಓಎಇ ಮತ್ತು ಬೆರಾ ಎಂಬ ಪರೀಕ್ಷೆಗಳನ್ನು ಮಾಡಬಹುದು. ತಟ್ಟೆ ಬಡಿದಾಗ ಮಗು ತಿರುಗಿತೆಂಬುದು ಕಿವಿ ಸರಿಯಿದೆ ಎಂಬುದಕ್ಕೆ ಪುರಾವೆಯಲ್ಲ.

ನಾಲ್ಕನೆಯ ಹೆಜ್ಜೆ: ಶ್ರವಣ ಸಾಧನ ಕೊಳ್ಳುವುದು, ಅದಕ್ಕೆ ಒಗ್ಗಿಕೊಳ್ಳುವುದು

ಜನ ಕಿವಿ ಮಿಷನ್ ಎನ್ನುವ ಶ್ರವಣ ಸಾಧನವನ್ನು ಆಡಿಯೋಗ್ರಾಮ್‌ಗೆ ತಕ್ಕಂತೆ ಕಂಪ್ಯೂಟರಿನಲ್ಲಿ ಹೊಂದಿಸಬೇಕು. ಯಾವ ಕಂಪನದಲ್ಲಿ ಎಷ್ಟು ಕೊರತೆಯಿದೆಯೋ ಅಲ್ಲಿ ಅಷ್ಟೇ ಏರಿಸುವುದು ಅದರ ಕೆಲಸ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ, ಪರೀಕ್ಷೆಯ ಹಂಗಿಲ್ಲದ ಸದ್ದು ಹೆಚ್ಚಿಸುವ ಯಂತ್ರಗಳು ಫ್ಯಾನಿನ ಗುಂಯ್ಗುಡುವಿಕೆಯನ್ನೂ ಮಾತನ್ನೂ ಒಟ್ಟಿಗೇ ಏರಿಸುತ್ತವೆ. ಅವುಗಳಿಂದ ತಲೆನೋವು ಬರಿಸಿಕೊಂಡು "ಮಿಷನ್ ನನಗಾಗುವುದಿಲ್ಲ" ಎಂದು ಶಾಶ್ವತವಾಗಿ ತೀರ್ಮಾನಿಸಿದವರು ನಮ್ಮ ಸುತ್ತಲೂ ಇದ್ದಾರೆ. ಮಗ ಅಮೆರಿಕದಿಂದ ತಂದುಕೊಟ್ಟ ದುಬಾರಿ ಸಾಧನವಾದರೂ ಇಲ್ಲಿ ಅದನ್ನು ಹೊಂದಿಸಿಕೊಡುವವರಿಲ್ಲದಿದ್ದರೆ ಬೀರುವಿನ ಪಾಲಾಗುತ್ತದೆ.

ಬೆಲೆ ಕೆಲವು ಸಾವಿರದಿಂದ ಲಕ್ಷ ದಾಟುವವರೆಗೂ ಇದೆ. ಹೆಚ್ಚಿನ ಬೆಲೆಯಲ್ಲಿ ಸಿಗುವುದು ಮುಖ್ಯವಾಗಿ ಗದ್ದಲದ ನಡುವೆ ಮಾತನ್ನು ಹೆಕ್ಕುವ ಸಾಮರ್ಥ್ಯ, ಮೊಬೈಲಿಗೆ ಜೋಡಿಸುವ ಅನುಕೂಲ. ಹೆಚ್ಚು ಕಾಲ ಮನೆಯಲ್ಲಿಯೇ ಇರುವ ಹಿರಿಯರಿಗೆ ಅವೆಲ್ಲ ಬೇಕಿಲ್ಲದಿರಬಹುದು. ದಿನವಿಡೀ ಸಭೆ, ತರಗತಿಗಳಲ್ಲಿರುವವರಿಗೆ ಬೇಕಾಗುತ್ತದೆ. ಎರಡೂ ಕಿವಿಯಲ್ಲಿ ದೋಷವಿದ್ದರೆ ಎರಡಕ್ಕೂ ಹಾಕಿಸುವುದೇ ಮೇಲು, ಸದ್ದಿನ ದಿಕ್ಕು ತಿಳಿಯುವುದು ಎರಡು ಕಿವಿಗಳಿಂದ. ಕೊಳ್ಳುವ ಮೊದಲು ನಾಲ್ಕು ಮಾತು ಕೇಳಿರಿ: ಕೆಲವು ದಿನ ಹಾಕಿಕೊಂಡು ನೋಡಲು ಕೊಡುತ್ತೀರಾ, ಮರುಹೊಂದಾಣಿಕೆಗೆ ಎಷ್ಟು ಸಲ ಬರಬಹುದು, ಅದಕ್ಕೆ ಬೇರೆ ಹಣವೇ, ಕೆಟ್ಟರೆ ರಿಪೇರಿ ಎಲ್ಲಿ? ಉತ್ತರ ನುಣುಚಿಕೊಳ್ಳುವಂತಿದ್ದರೆ ಬೇರೆ ಕಡೆ ನೋಡಿರಿ. ಇನ್ನೊಂದು ಮಾತು: ಕಿವಿಯೊಳಗೆ ಕಾಣದಂತೆ ಕೂರುವ ಪುಟ್ಟ ಸಾಧನ ಅಂದಕ್ಕೇನೋ ಸರಿ, ಆದರೆ ಬೆರಳು ನಡುಗುವ, ಕಣ್ಣು ಮಂಜಾದ ಎಪ್ಪತ್ತರ ಹಿರಿಯರಿಗೆ ಅದರ ಬ್ಯಾಟರಿ ಬದಲಿಸುವುದೇ ದಿನದ ಸಂಕಟವಾಗುತ್ತದೆ. ಅವರಿಗೆ ಕಿವಿಯ ಹಿಂದೆ ಕೂರುವ ಮಾದರಿ ಒಳ್ಳೆಯದು.

ಮೊದಲ ದಿನಗಳಲ್ಲಿ ಒಗ್ಗರಣೆಯ ಚಟಪಟ, ನಲ್ಲಿಯ ನೀರು, ಕಾಗದ ಮಡಚುವ ಸದ್ದು ಎಲ್ಲವೂ ಕಿವಿಗೆ ಚುಚ್ಚುತ್ತವೆ, ತಮ್ಮದೇ ದನಿ ಕೊಡದೊಳಗಿಂದ ಬಂದಂತೆ ಕೇಳಿಸುತ್ತದೆ. ವರ್ಷಗಳಿಂದ ಬಾರದ ಸದ್ದುಗಳು ಮಿದುಳಿಗೆ ಒಮ್ಮೆಲೇ ಬಂದು ಬೀಳುತ್ತಿರುವುದರಿಂದ ಹೀಗಾಗುತ್ತದೆ. ಮೊದಲ ವಾರ ಮನೆಯಲ್ಲಿ, ಒಬ್ಬಿಬ್ಬರೊಂದಿಗೆ ಮಾತಾಡುವಾಗ ದಿನಕ್ಕೆ ಎರಡು ಮೂರು ಗಂಟೆ ಹಾಕಿಕೊಳ್ಳಿರಿ. ನಂತರ ಸಮಯ ಹೆಚ್ಚಿಸಿ ಬೀದಿಗೆ, ಅಂಗಡಿಗೆ ಹೋಗಿ. ಮದುವೆ ಮನೆಯನ್ನು ಕೊನೆಗಿಟ್ಟುಕೊಳ್ಳಿ. ಪತ್ರಿಕೆಯನ್ನು ಗಟ್ಟಿಯಾಗಿ ಓದಿಕೊಳ್ಳುವುದರಿಂದ ತಮ್ಮ ದನಿಗೆ ಬೇಗ ಒಗ್ಗಬಹುದು. ಯಾವ ಸದ್ದು ಕಿರಿಕಿರಿಯಾಯಿತು, ಯಾರ ಮಾತು ತಿಳಿಯಲಿಲ್ಲ ಎಂಬುದನ್ನು ಚೀಟಿಯಲ್ಲಿ ಬರೆದಿಟ್ಟು ಮರುಹೊಂದಾಣಿಕೆಗೆ ಹೋಗುವಾಗ ಒಯ್ಯಿರಿ. "ಸರಿಯಾಗಿ ಕೇಳಿಸುತ್ತಿಲ್ಲ" ಎಂಬ ಮಾತಿಗಿಂತ "ಟಿ.ವಿ. ಚೆನ್ನಾಗಿ ಕೇಳುತ್ತದೆ, ಮೊಮ್ಮಗಳ ಮಾತು ಮಾತ್ರ ತಿಳಿಯುವುದಿಲ್ಲ" ಎಂಬ ಮಾತಿನಿಂದ ಆಡಿಯಾಲಜಿಸ್ಟರಿಗೆ ಹೆಚ್ಚು ಸುಳಿವು ಸಿಗುತ್ತದೆ.

ಆರೈಕೆಯಲ್ಲಿ ಬ್ಯಾಟರಿಯೇ ದೊಡ್ಡ ಅಧ್ಯಾಯ. ಗುಂಡಿಯಂಥ ಈ ಬ್ಯಾಟರಿಗಳನ್ನು ಮೇಲಿನ ಅಂಟುಚೀಟಿಯ ಬಣ್ಣದಿಂದ ಗುರುತಿಸಬಹುದು: 10ನೆಯ ಅಳತೆಗೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಇವು ಗಾಳಿಯ ಆಮ್ಲಜನಕದಿಂದ ಕೆಲಸ ಮಾಡುವುದರಿಂದ ಚೀಟಿ ಕಿತ್ತ ಮೇಲೆ ಒಂದೆರಡು ನಿಮಿಷ ಹಾಗೆಯೇ ಬಿಟ್ಟು ಆಮೇಲೆ ಹಾಕಬೇಕು. ಕಿತ್ತ ಕೂಡಲೇ ಹಾಕಿ "ಹೊಸ ಬ್ಯಾಟರಿಯೇ ಡೆಡ್" ಎಂದು ಎಸೆಯುವವರಿದ್ದಾರೆ. ರಾತ್ರಿ ಸಾಧನ ತೆಗೆದಾಗ ಬ್ಯಾಟರಿಯ ಬಾಗಿಲನ್ನು ತೆರೆದಿಡಿ. ಬಳಸಿದ ಬ್ಯಾಟರಿ ಮಕ್ಕಳ ಕೈಗೆ ಸಿಗಬಾರದು, ನುಂಗಿದರೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಸಾಧನ ಕೆಡುವುದು ತೇವದಿಂದ. ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ರಾತ್ರಿ ಇಟ್ಟರೆ ಬಾಳಿಕೆ ಬರುತ್ತದೆ. ತಲೆಗೆ ಎಣ್ಣೆ ಹಚ್ಚಿಕೊಂಡ ಬೆರಳಿನಿಂದಲೇ ಸಾಧನವನ್ನು ಮುಟ್ಟಿದರೆ ಮೈಕಿನ ಸಣ್ಣ ರಂಧ್ರ ಕಟ್ಟಿಕೊಳ್ಳುತ್ತದೆ, ಪೌಡರಿನಿಂದಲೂ ಹಾಗೆಯೇ. ಕುಯ್ ಎಂದು ಸೀಟಿ ಹೊಡೆಯುತ್ತಿದ್ದರೆ ಸಾಧನದ ತುದಿಯಲ್ಲಿ ಕಿವಿಯೊಳಗೆ ಕೂರುವ ಅಚ್ಚು ಸರಿಯಾಗಿ ಕೂತಿಲ್ಲ, ಸಡಿಲವಾಗಿದೆ, ಅಥವಾ ಕಿವಿಯಲ್ಲಿ ಗುಗ್ಗೆ ತುಂಬಿದೆ ಎಂದರ್ಥ.

ಸಾಧನದಿಂದಲೂ ಪ್ರಯೋಜನವಾಗದಷ್ಟು ದೋಷವಿದ್ದಾಗ ಕಾಕ್ಲಿಯಾದೊಳಗೆ ವಿದ್ಯುದ್ವಾಹಕ ತಂತು ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯಿದೆ. ಹುಟ್ಟುಗಿವುಡು ಮಕ್ಕಳಿಗೆ ಇದನ್ನು ಎಷ್ಟು ಬೇಗ ಮಾಡಿಸಿದರೆ ಮಾತು ಅಷ್ಟು ಚೆನ್ನಾಗಿ ಬರುತ್ತದೆ. ಅಂಗವಿಕಲರಿಗೆ ಸಾಧನಗಳನ್ನು ಒದಗಿಸುವ ಕೇಂದ್ರದ ಎಡಿಐಪಿ ಯೋಜನೆ, ರಾಜ್ಯದ ಶ್ರವಣ ಸಂಜೀವಿನಿ ಯೋಜನೆಗಳಲ್ಲಿ ಚಿಕ್ಕ ಮಕ್ಕಳಿಗೆ ನೆರವು ಸಿಗುತ್ತದೆ. ವಯಸ್ಸಿನ ಮಿತಿ ಇರುವುದರಿಂದ ಇಲ್ಲಿ ತಿಂಗಳುಗಳೂ ಲೆಕ್ಕಕ್ಕೆ ಬರುತ್ತವೆ.

ಐದನೆಯ ಹೆಜ್ಜೆ: ಮನೆಯವರು ಮಾತಾಡುವ ರೀತಿ ಬದಲಿಸುವುದು

ಎಷ್ಟೇ ಒಳ್ಳೆಯ ಸಾಧನವಿದ್ದರೂ ಹಳೆಯ ಕಿವಿ ಮರಳುವುದಿಲ್ಲ, ಉಳಿದ ಕೆಲಸ ಎದುರಿನವರದ್ದು. ಅಡುಗೆಮನೆಯಿಂದಲೇ ಕೂಗಬೇಡಿ. ಹತ್ತಿರ ಬಂದು, "ಅಜ್ಜಾ" ಎಂದು ಕರೆದು, ಅವರು ತಿರುಗಿ ನೋಡಿದ ಮೇಲೆ ಮಾತು ಶುರುಮಾಡಿ. ಬೆಳಕು ನಿಮ್ಮ ಮುಖದ ಮೇಲಿರಲಿ, ಏಕೆಂದರೆ ಕಿವಿಗೆ ಸಿಗದ ವ್ಯಂಜನಗಳಲ್ಲಿ ಎಷ್ಟೋ ತುಟಿಯಲ್ಲಿ ಕಾಣಿಸುತ್ತವೆ; "ಪ" ಹೇಳುವಾಗ ತುಟಿ ಮುಚ್ಚುತ್ತದೆ, "ಕ" ಹೇಳುವಾಗ ಮುಚ್ಚುವುದಿಲ್ಲ. ಊಟದ ಹೊತ್ತಿಗೆ ಟಿ.ವಿ. ಆರಿಸಿ, ಮಿಕ್ಸಿ ತಿರುಗುವಾಗ ಮುಖ್ಯ ವಿಷಯ ಎತ್ತಬೇಡಿ. ಸಹಜ ದನಿಯಲ್ಲಿ, ತುಸು ನಿಧಾನವಾಗಿ, ವಾಕ್ಯದ ನಡುವೆ ಬಿಡುವು ಕೊಟ್ಟು ಮಾತಾಡಿ. ಒಮ್ಮೆ ಹೇಳಿದ್ದು ತಿಳಿಯದಿದ್ದರೆ ಅದೇ ಪದಗಳನ್ನು ಜೋರಾಗಿ ಒದರುವುದರಿಂದ ಪ್ರಯೋಜನವಿಲ್ಲ, ಪದಗಳನ್ನೇ ಬದಲಿಸಿ. "ನಾಳೆ ಆಸ್ಪತ್ರೆಗೆ ಹೋಗೋಣ" ಎಂಬುದು ತಿಳಿಯಲಿಲ್ಲವೆಂದರೆ "ಅಜ್ಜಾ, ಡಾಕ್ಟರನ್ನ ನೋಡೋಕೆ ನಾಳೆ ಬೆಳಿಗ್ಗೆ ಹೊರಡೋಣ" ಎಂದು ನೋಡಿ. ಹೆಸರು, ಹಣ, ಹೊತ್ತು, ಮಾತ್ರೆಯ ಲೆಕ್ಕಗಳನ್ನು ಬರೆದೇ ಕೊಡಿ.

ಮೂರನೆಯ ಸಲ "ಏನಂದೆ?" ಎಂದಾಗ "ಏನಿಲ್ಲ ಬಿಡಿ" ಎನ್ನುವ ಉತ್ತರದಷ್ಟು ನೋಯಿಸುವುದು ಬೇರೊಂದಿಲ್ಲ. ಹಿರಿಯರು ಹರಟೆಯಿಂದ ದೂರ ಸರಿಯತೊಡಗುವುದು ಈ ಮಾತು ಪದೇ ಪದೇ ಕಿವಿಗೆ ಬಿದ್ದ ಮೇಲೆ. ಇತ್ತ ಕಿವಿ ಮಂದವಾದವರಿಗೂ ಒಂದು ಕರ್ತವ್ಯವಿದೆ: ಕೇಳಿಸದಿದ್ದಾಗ ಸುಮ್ಮನೆ ತಲೆಯಾಡಿಸಬಾರದು. ಪೂರ್ತಿ "ಏನು?" ಎನ್ನುವ ಬದಲು ತಿಳಿದಷ್ಟನ್ನು ಹೇಳಿ ಉಳಿದದ್ದನ್ನು ಕೇಳಿದರೆ ಇಬ್ಬರಿಗೂ ಹಗುರ: "ಮದುವೆ ಶಿವಮೊಗ್ಗದಲ್ಲಿ ಅಂದೆಯಲ್ಲ, ಯಾವ ದಿನ?" ಹೋಟೆಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು, ಅಡುಗೆಮನೆಯಿಂದ ದೂರ ಕುಳಿತುಕೊಳ್ಳಿ. ಬ್ಯಾಂಕ್, ಆಸ್ಪತ್ರೆಗಳ ಕೌಂಟರಿನಲ್ಲಿ ಮಾತು ಶುರುವಾಗುವ ಮೊದಲೇ "ನನಗೆ ಕಿವಿ ಸ್ವಲ್ಪ ಮಂದ, ಮುಖ ನೋಡಿ ಮಾತಾಡಿ" ಎಂದುಬಿಡಿ. ಫೋನಿಗಿಂತ ವಿಡಿಯೋ ಕರೆ ಸುಲಭ, ತುಟಿ ಕಾಣುತ್ತದೆ. ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಎಂಬ ಆ್ಯಪ್ ಎದುರಿನವರ ಕನ್ನಡ ಮಾತನ್ನೂ ಆ ಕ್ಷಣದಲ್ಲಿಯೇ ಪರದೆಯ ಮೇಲೆ ಅಕ್ಷರವಾಗಿ ತೋರಿಸುತ್ತದೆ. ಆಗಾಗ ಎಡವಿದರೂ ವೈದ್ಯರ ಕೋಣೆಯಲ್ಲಿ ಉಪಯೋಗಕ್ಕೆ ಬರುತ್ತದೆ.

ಆರನೆಯ ಹೆಜ್ಜೆ: ಉಳಿದ ಶ್ರವಣವನ್ನು ಸದ್ದಿನಿಂದ ಕಾಯುವುದು

ಈಗಾಗಲೇ ಕಿವಿ ಮಂದವಾದವರಿಗೂ, ಸರಿಯಿರುವವರಿಗೂ ಇದು ಸಮಾನವಾಗಿ ಅನ್ವಯಿಸುತ್ತದೆ. ಡೆಸಿಬಲ್ ಲೆಕ್ಕ ಸಾಮಾನ್ಯ ಕೂಡುವಿಕೆಯಂತಲ್ಲ: 3 ಹೆಚ್ಚಿದರೆ ಸದ್ದಿನ ಶಕ್ತಿ ಇಮ್ಮಡಿ, 10 ಹೆಚ್ಚಿದರೆ ಹತ್ತು ಪಟ್ಟು. ಆದ್ದರಿಂದ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮಿತಿಯೆಂದಾದರೆ 88ರಲ್ಲಿ 4 ಗಂಟೆ, 94ರಲ್ಲಿ ಒಂದೇ ಗಂಟೆ, 100ರಲ್ಲಿ 15 ನಿಮಿಷ. ನಮ್ಮ ಕಾರ್ಖಾನೆ ನಿಯಮಗಳು 8 ಗಂಟೆಗೆ 90 ಡೆಸಿಬಲ್‌ವರೆಗೂ ಒಪ್ಪುತ್ತವೆ. ಕಾನೂನಿಗೆ ಸರಿಯಾದದ್ದು ಕಿವಿಗೆ ಸರಿಯಾಗಬೇಕಿಲ್ಲ. ಅಳೆಯುವ ಯಂತ್ರ ಇಲ್ಲದಿದ್ದರೆ, ಕೈಯಳತೆಯ ದೂರದಲ್ಲಿರುವವರೊಡನೆ ದನಿಯೆತ್ತಿ ಮಾತಾಡಬೇಕಾಗಿ ಬಂದರೆ ಆ ಜಾಗದ ಸದ್ದು 85ರ ಆಸುಪಾಸು ಇದೆಯೆಂದು ತಿಳಿಯಿರಿ.

ಈ ಅಳತೆಯನ್ನು ಹಿಡಿದು ನೋಡಿದರೆ ದೊಡ್ಡಬಳ್ಳಾಪುರ, ರಬಕವಿ-ಬನಹಟ್ಟಿಗಳ ಪವರ್‌ಲೂಮ್ ಶೆಡ್ಡುಗಳು, ಇಳಕಲ್ಲಿನ ಗ್ರಾನೈಟ್ ಕತ್ತರಿಸುವ ಘಟಕಗಳು, ರೈಸ್ ಮಿಲ್ಲು, ವೆಲ್ಡಿಂಗ್ ಅಂಗಡಿಗಳು ಎಲ್ಲಿ ನಿಲ್ಲುತ್ತವೆಂದು ಬಿಡಿಸಿ ಹೇಳಬೇಕಿಲ್ಲ. ಮಗ್ಗದ ಮನೆಗಳಲ್ಲಿ ನೆಯ್ಗೆಯೂ ಸಂಸಾರವೂ ಒಂದೇ ಸೂರಿನಡಿ ಇರುವುದರಿಂದ ಹೆಂಗಸರು, ಮಕ್ಕಳ ಕಿವಿಗೂ ಅದೇ ಸದ್ದು. ಅಡಕೆ, ಕಾಫಿ ತೋಟಗಳಲ್ಲಿ ಈಗ ಎಲ್ಲೆಡೆ ಬಂದಿರುವ ಕಳೆ ಕೊಚ್ಚುವ ಯಂತ್ರದ ಎಂಜಿನ್ ನಡೆಸುವವನ ಬೆನ್ನಿಗೋ ಪಕ್ಕೆಗೋ ಅಂಟಿಕೊಂಡಿರುತ್ತದೆ, ಅನೇಕ ಯಂತ್ರಗಳು ಅವನ ಕಿವಿಯ ಬಳಿ 95 ಡೆಸಿಬಲ್ ಮುಟ್ಟುತ್ತವೆ. ಕಣ್ಣಿಗೆ ಕನ್ನಡಕ, ಕಾಲಿಗೆ ಗಂಬೂಟು ಹಾಕುವವರೂ ಕಿವಿಯನ್ನು ಬರಿದೇ ಬಿಡುತ್ತಾರೆ.

ಕಿವಿಗೆ ಹತ್ತಿ ತುರುಕಿಕೊಂಡರೆ ಏನೇನೂ ಸಾಲದು. ಔಷಧಿ ಅಂಗಡಿಯಲ್ಲಿ, ಸುರಕ್ಷತಾ ಸಾಮಗ್ರಿಯ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಫೋಮ್ ಇಯರ್‌ಪ್ಲಗ್ ಬಳಸಿ. ಅದನ್ನು ಹಾಕುವ ಕ್ರಮ ಹೀಗಿದೆ: ಶುಚಿಯಾದ ಬೆರಳುಗಳಲ್ಲಿ ಪ್ಲಗ್ಗನ್ನು ಬತ್ತಿಯಂತೆ ಸಣ್ಣಗೆ ಹೊಸೆಯಿರಿ, ಇನ್ನೊಂದು ಕೈಯನ್ನು ತಲೆಯ ಮೇಲಿನಿಂದ ತಂದು ಕಿವಿಯ ಹಾಲೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ನಾಳ ನೇರವಾದಾಗ ಪ್ಲಗ್ಗನ್ನು ಒಳಗಿಟ್ಟು ಅರ್ಧ ನಿಮಿಷ ಬೆರಳಿನಿಂದ ಹಿಡಿಯಿರಿ, ಅದು ಉಬ್ಬಿ ಕೂರುತ್ತದೆ. ಸರಿಯಾಗಿ ಕೂತಿದ್ದರೆ ನಿಮ್ಮ ದನಿ ನಿಮಗೆ ದಪ್ಪವಾಗಿ ಕೇಳಿಸುತ್ತದೆ. ಎಣ್ಣೆ, ಗ್ರೀಸಿನ ಕೈಯಲ್ಲಿ ದಿನಕ್ಕೆ ಹತ್ತು ಸಲ ತೆಗೆದು ಹಾಕಬೇಕಾದವರಿಗೆ ಕಿವಿಯನ್ನೇ ಮುಚ್ಚುವ ಇಯರ್‌ಮಫ್ ಅನುಕೂಲ. ಕೆಲಸದ ನಡುನಡುವೆ ತೆಗೆದಿಟ್ಟರೆ ರಕ್ಷಣೆಯ ಬಹುಭಾಗ ಸೋರಿಹೋಗುತ್ತದೆ. ಸದ್ದಿನಿಂದ ಬಂದ ಶ್ರವಣದೋಷ ಕಾರ್ಮಿಕರ ವಿಮೆ ಮತ್ತು ಪರಿಹಾರದ ಕಾನೂನಿನ ಪಟ್ಟಿಯಲ್ಲಿ ಔದ್ಯೋಗಿಕ ರೋಗವಾಗಿ ಸೇರಿದೆ. ಆದ್ದರಿಂದ ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಆಡಿಯೋಗ್ರಾಮ್ ಮಾಡಿಸಿಟ್ಟುಕೊಂಡವರಿಗೆ ಪರಿಹಾರ ಕೇಳುವಾಗ ಕೈಯಲ್ಲಿ ದಾಖಲೆಯಿರುತ್ತದೆ.

ಹಬ್ಬದ ಸದ್ದಿನ ಮಾತು ಎತ್ತಿದರೆ ಭಕ್ತಿಗೆ ಅಡ್ಡಬಂದಂತಾಗುತ್ತದೆಂಬ ಅಂಜಿಕೆ ಹಲವರಿಗೆ. ಗಣಪತಿ ಬಿಡುವ ಮೆರವಣಿಗೆಯ ಡಿಜೆ ಪೆಟ್ಟಿಗೆಯ ಮುಂದೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಯುವುದರಲ್ಲಿ ಭಕ್ತಿಯೇನೂ ಇಲ್ಲ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ, ಹಿಂದಕ್ಕೆ ಸರಿಯುವುದೇ ಖರ್ಚಿಲ್ಲದ ಉಪಾಯ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ; ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ದೂರು ಕೊಡಲು 112ಕ್ಕೆ ಕರೆ ಮಾಡಬಹುದು. ಪಟಾಕಿಯ ಸದ್ದು ಕ್ಷಣದ್ದಾದರೂ ಒಂದೇ ಪೆಟ್ಟಿಗೆ ತಮಟೆ ಹರಿಯಬಹುದು, ಒಳಕಿವಿ ಕೆಡಬಹುದು.

ಇಯರ್‌ಫೋನಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಮೊಬೈಲಿನ ಗರಿಷ್ಠ ಸದ್ದಿನ ಶೇ. 60 ದಾಟದಿದ್ದರೆ ಸಾಮಾನ್ಯವಾಗಿ ಈ ಮಿತಿಯೊಳಗೆ ಇರಬಹುದು. ಬಸ್ಸಿನ, ಮೆಟ್ರೋದ ಗದ್ದಲವನ್ನು ಮುಚ್ಚಲು ಹಾಡಿನ ಸದ್ದು ಏರಿಸುವುದರಲ್ಲಿಯೇ ಅಪಾಯವಿದೆ. ಯಾವುದೇ ಗದ್ದಲದಿಂದ ಬಂದ ಮೇಲೆ ಕಿವಿ ಗುಂಯ್ಗುಟ್ಟಿದರೆ ಅಥವಾ ಹತ್ತಿ ತುಂಬಿದಂತಾದರೆ, ಮರುದಿನಕ್ಕೆ ಸರಿಹೋದರೂ, ರೋಮಕೋಶಗಳಿಗೆ ಪೆಟ್ಟು ಬಿದ್ದಿದೆ ಎಂದೇ ತಿಳಿದು ಮುಂದಿನ ಸಲ ರಕ್ಷಣೆಯಿಲ್ಲದೆ ಹೋಗಬೇಡಿ. ಗುಂಯ್ ಸದ್ದು ನಿಲ್ಲದೆ ಉಳಿದರೆ, ಮಲಗುವ ಕೋಣೆಯಲ್ಲಿ ಫ್ಯಾನಿನದೋ ಮೆಲುದನಿಯ ರೇಡಿಯೋದ್ದೋ ಹಿನ್ನೆಲೆ ಸದ್ದು ಇಟ್ಟುಕೊಂಡರೆ ಬಾಧೆ ಕಡಿಮೆ. ದೋಷವೂ ಇದ್ದರೆ ಶ್ರವಣ ಸಾಧನದಿಂದಲೇ ಎಷ್ಟೋ ಜನರಿಗೆ ಅದು ತಗ್ಗುತ್ತದೆ. ಒಂದೇ ಕಿವಿಯಲ್ಲಿದ್ದರೆ, ನಾಡಿಯ ಬಡಿತದ ತಾಳಕ್ಕೆ ಕೇಳಿಸುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಔಷಧಿಗಳ ವಿಷಯವನ್ನೂ ಇಲ್ಲಿ ಹೇಳಬೇಕು. ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದುಗಳು, ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್ ಒಳಕಿವಿಯನ್ನು ಕೆಡಿಸಬಲ್ಲವು. ಅವು ಪ್ರಾಣ ಉಳಿಸುವ ಔಷಧಿಗಳು, ತಾವಾಗಿ ನಿಲ್ಲಿಸುವಂತಿಲ್ಲ. ಆದರೆ ಮೊದಲೇ ಶ್ರವಣದೋಷ ಅಥವಾ ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರಿಗೆ ತಿಳಿಸಬೇಕು, ಚಿಕಿತ್ಸೆಯ ನಡುವೆ ಕಿವಿ ಗುಂಯ್ಗುಟ್ಟಿದರೆ ಅಂದೇ ಹೇಳಬೇಕು.

ಏಳನೆಯ ಹೆಜ್ಜೆ: ಕಾಗದಪತ್ರ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿಗಳಲ್ಲಿ ಮಾತಿನ ಕಂಪನಗಳಿಗೆ 60ರಿಂದ 70 ಡೆಸಿಬಲ್ ಕೊರತೆಯಿದ್ದವರನ್ನು ಮಂದಶ್ರವಣದವರೆಂದೂ, 70 ಡೆಸಿಬಲ್ ಇದ್ದವರನ್ನು ಕಿವುಡರೆಂದೂ ಗುರುತಿಸಲಾಗಿದೆ. ಸೌಲಭ್ಯಗಳಿಗೆ ಬೇಕಾದ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿ, ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಬೇಕು. ಹೆಚ್ಚಿನ ಸೌಲಭ್ಯಗಳಿಗೆ ಶೇ. 40ರ ದೋಷ ಅಗತ್ಯ. ಚೆನ್ನಾಗಿರುವ ಕಿವಿಯ ಶೇಕಡಾವಾರು ದೋಷವನ್ನು ಐದರಿಂದ ಗುಣಿಸಿ, ಕೆಟ್ಟ ಕಿವಿಯದ್ದನ್ನು ಕೂಡಿಸಿ, ಆರರಿಂದ ಭಾಗಿಸುವುದು ಇಲ್ಲಿನ ಸೂತ್ರ. ಹಾಗಾಗಿ ಒಂದು ಕಿವಿ ಪೂರ್ತಿ ಹೋಗಿ ಇನ್ನೊಂದು ಸರಿಯಿದ್ದವರಿಗೆ ಬರುವುದು ಶೇ. 17ರ ಆಸುಪಾಸು ಮಾತ್ರ. ಅವರು ಪ್ರಮಾಣಪತ್ರಕ್ಕಾಗಿ ಅಲೆದು ನಿರಾಶರಾಗುವ ಮೊದಲು ಈ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಆದಾಯ ಮಿತಿಯೊಳಗಿನವರಿಗೆ ಎಡಿಐಪಿ ಯೋಜನೆಯಲ್ಲಿ ಶ್ರವಣ ಸಾಧನ ಸಿಗುತ್ತದೆ. ಅದಕ್ಕೆ ಆದಾಯ ಪ್ರಮಾಣಪತ್ರ, ಆಡಿಯೋಗ್ರಾಮ್, ಗುರುತಿನ ಚೀಟಿಯ ಪ್ರತಿಗಳನ್ನು ಜೋಡಿಸಿಟ್ಟುಕೊಳ್ಳಿ.

ಸಾಧನ ಹಾಕಿದವರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಮಾಡಿಸಬೇಕು. ಹೋಗುವಾಗ ಹಳೆಯ ಆಡಿಯೋಗ್ರಾಮ್‌ಗಳನ್ನೆಲ್ಲ ದಿನಾಂಕದ ಕ್ರಮದಲ್ಲಿಟ್ಟು ಒಯ್ಯಿರಿ. ಗೆರೆ ಕೆಳಗಿಳಿದಿದ್ದರೆ ಸಾಧನವನ್ನು ಹೊಸ ಗೆರೆಗೆ ತಕ್ಕಂತೆ ಹೊಂದಿಸುತ್ತಾರೆ, ಹಳೆಯ ಅಚ್ಚು ಸಡಿಲವಾಗಿದ್ದರೆ ಹೊಸ ಅಚ್ಚಿಗೆ ಅಳತೆ ತೆಗೆಯುತ್ತಾರೆ.